ಹೊಸ ರಿಂಗ್ ಹಾಕಿದ್ದೀರಾ? ಹಾಗಾದರೆ ತೀರಾ ಮೆತ್ತಗೆ ಓಡಿಸಬೇಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು: ಕೆಟ್ಟ ಇಂಜಿನ್ ಬಿಚ್ಚಿ ಕಟ್ಟುವುದು, ಕಟ್ಟಿದ ಮೇಲೆ ಪಳಗಿಸುವುದು, ಅಂದರೆ ಹೊಸ ರಿಂಗ್ (ಪಿಸ್ಟನ್ ಸುತ್ತ ಕೂರುವ ಲೋಹದ ಬಳೆ) ಸಿಲಿಂಡರಿನ ಗೋಡೆಗೆ ಹೊಂದುವ ಹಾಗೆ ಓಡಿಸುವುದು. ಹಾಗಾಗಿ ಬ್ರೇಕ್, ಬ್ಯಾಟರಿ, ಎಸಿ ಪ್ರಶ್ನೆಗಳನ್ನೆಲ್ಲ ಮುಂದಕ್ಕೆ ಹಾಕಿ ಇಡೀ ಅಂಕಣವನ್ನು ಇಂಜಿನ್‌ಗೇ ಬಿಟ್ಟಿದ್ದೇನೆ. ಇಲ್ಲಿ ಕೊಟ್ಟಿರುವ ಅಳತೆಗಳು ಸಾಮಾನ್ಯ ಅಂದಾಜು. ನಿಮ್ಮ ಇಂಜಿನ್‌ನ ಸರ್ವಿಸ್ ಮ್ಯಾನ್ಯುಯಲ್ ಬೇರೆ ಸಂಖ್ಯೆ ಹೇಳಿದರೆ ಅದನ್ನೇ ನಂಬಿ.

ಪ್ರಶ್ನೆ: ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿದ್ದನ್ನು ಗಮನಿಸಲಿಲ್ಲ. ಕಾರು ಎಳೆಯುವುದನ್ನೇ ಬಿಟ್ಟು ನಿಂತುಹೋಯಿತು. ತಣ್ಣಗಾದ ಮೇಲೆ ಸ್ಟಾರ್ಟ್ ಆಯಿತು, ಆದರೆ ಬಿಳಿ ಹೊಗೆ, ರೇಡಿಯೇಟರ್ ನೀರು ಕಡಿಮೆಯಾಗುತ್ತಿದೆ, ಆಯಿಲ್ ಹಾಲು ಬೆರೆಸಿದ ಹಾಗೆ ಕಾಣುತ್ತಿದೆ. "ಹೆಡ್ ಗ್ಯಾಸ್ಕೆಟ್ ಬದಲಿಸಿ ರಿಂಗ್ ಹಾಕಿದರೆ ಸಾಕು" ಅಂತಾರೆ ಮೆಕ್ಯಾನಿಕ್. ಸಾಕಾ ಸರ್?

ಸಾಕಾಗಬಹುದು, ಸಾಲದೆಯೂ ಹೋಗಬಹುದು. ಹೆಡ್ ಅಂದರೆ ಸಿಲಿಂಡರುಗಳಿರುವ ಬ್ಲಾಕಿನ ಮೇಲೆ ಮುಚ್ಚಳದ ಹಾಗೆ ಕೂರುವ ಭಾಗ, ಗ್ಯಾಸ್ಕೆಟ್ ಅಂದರೆ ಆ ಎರಡರ ನಡುವೆ ಸೋರಿಕೆ ತಡೆಯುವ ಹಾಳೆ. ಬಿಚ್ಚಿ ಅಳೆಯುವ ಮುಂಚೆ ಯಾರೇ ಹೇಳಿದರೂ ಅದು ಊಹೆ. ಸದ್ಯಕ್ಕೆ ಮಾಡಬೇಕಾದ್ದು ಒಂದೇ, ಆ ಕಾರನ್ನು ಇನ್ನೊಂದು ಸಲವೂ ಸ್ಟಾರ್ಟ್ ಮಾಡಬೇಡಿ. ನೀರು ಬೆರೆತ ಆಯಿಲ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ತಿರುಗಾಟ ಮಾಡುವ ದಂಡ) ತಿರುಗಿದಷ್ಟೂ ಅದರ ಬೇರಿಂಗ್ ಹಾಳಾಗುತ್ತದೆ, ಇವತ್ತು ಹೆಡ್‌ನಲ್ಲಿ ಮುಗಿಯಬಹುದಾದ ಕೆಲಸ ನಾಳೆ ತಳದವರೆಗೂ ಇಳಿಯುತ್ತದೆ.

ಬಿಚ್ಚುವ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ, ಹೆಚ್ಚಿನವರು ಅದನ್ನೇ ಮರೆಯುತ್ತಾರೆ. ಇಂಜಿನ್ ಬಿಸಿಯಾಗಿದ್ದು ಯಾಕೆ? ಥರ್ಮೋಸ್ಟಾಟ್ ತೆರೆಯಲಿಲ್ಲವಾ, ವಾಟರ್ ಪಂಪಿನ ರೆಕ್ಕೆ ಸವೆದಿತ್ತಾ, ಫ್ಯಾನ್ ರಿಲೇ ಹೋಗಿತ್ತಾ, ರೇಡಿಯೇಟರ್ ಒಳಗೆ ಕಟ್ಟಿಕೊಂಡಿತ್ತಾ, ಇಲ್ಲ ಯಾವುದೋ ಹೋಸ್‌ನಿಂದ ನೀರು ಸೋರಿಹೋಯಿತಾ? ಇದಕ್ಕೆ ಉತ್ತರ ಸಿಗದೆ ಇಂಜಿನ್ ಕಟ್ಟಿದರೆ, ಅದೇ ಕಾರಣ ಹೊಸ ಗ್ಯಾಸ್ಕೆಟ್ಟನ್ನೂ ಸುಟ್ಟುಹಾಕುತ್ತದೆ. ಕಟ್ಟಿದ ಇಂಜಿನ್ ಮತ್ತೆ ಕೆಟ್ಟರೆ ಎಲ್ಲರೂ ಕಟ್ಟಿದವರನ್ನು ಬೈಯುತ್ತಾರೆ, ಎಷ್ಟೋ ಸಲ ತಪ್ಪಿರುವುದು ಹಳೇ ರೇಡಿಯೇಟರಿನಲ್ಲಿ.

ಈಗ ಹೆಡ್. ಅಲ್ಯೂಮಿನಿಯಂ ಬಿಸಿಗೆ ಎರಕದ ಕಬ್ಬಿಣಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು ಹಿಗ್ಗುತ್ತದೆ. ಕಬ್ಬಿಣದ ಬ್ಲಾಕಿಗೆ ಬೋಲ್ಟ್ ಹಾಕಿ ಬಿಗಿದಿರುವ ಅಲ್ಯೂಮಿನಿಯಂ ಹೆಡ್ ಮಿತಿಮೀರಿ ಕಾದಾಗ ಹಿಗ್ಗಲು ಜಾಗವಿಲ್ಲದೆ ಬಾಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಹಳೇ ಗ್ಯಾಸ್ಕೆಟ್ಟಿನ ಚೂರೆಲ್ಲ ತೆಗೆದು ಒರೆಸಿ, ನೇರವಾದ ಸ್ಟ್ರೈಟ್ ಎಡ್ಜ್ ಅನ್ನು ಹೆಡ್ಡಿನ ಮುಖದ ಮೇಲೆ ನಿಲ್ಲಿಸಿ, ಅದರ ಅಡಿಗೆ 0.05 ಮಿ.ಮೀ. ಫೀಲರ್ ಗೇಜ್ ತೂರಿಸಿ ನೋಡುತ್ತಾರೆ. ಉದ್ದಕ್ಕೆ ಎರಡು ಕಡೆ, ಅಡ್ಡಕ್ಕೆ, ಆಮೇಲೆ ಮೂಲೆಯಿಂದ ಮೂಲೆಗೆ. ಸಾಮಾನ್ಯವಾಗಿ ಎರಡು ಸಿಲಿಂಡರಿನ ನಡುವೆ ಬಂದಾಗ ಆ ತೆಳ್ಳನೆ ತಗಡು ತಡೆಯಿಲ್ಲದೆ ಸರ್ರನೆ ಒಳಗೆ ಹೋಗುತ್ತದೆ. ಗ್ಯಾಸ್ಕೆಟ್ ಒಡೆದಿರುವುದೂ ಹೆಚ್ಚಾಗಿ ಅಲ್ಲೇ. ತುಂಬ ಇಂಜಿನ್‌ಗಳಿಗೆ 0.05 ಮಿ.ಮೀ.ಯೇ ಮಿತಿ, ಕೆಲವಕ್ಕೆ 0.1 ತನಕ ಬಿಡುತ್ತಾರೆ.

ಬಾಗಿದ್ದರೆ ಮುಖ ಉಜ್ಜಿ ಸಮ ಮಾಡುವ ಫೇಸಿಂಗ್ ಮಾಡಿಸಬಹುದು, ಆದರೆ ಎಷ್ಟು ಬೇಕಾದರೂ ಉಜ್ಜುವ ಹಾಗಿಲ್ಲ. ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುತ್ತಾರೆ. ಹೆಚ್ಚು ಉಜ್ಜಿದರೆ ಕಂಪ್ರೆಷನ್ ಏರುತ್ತದೆ, ವಾಲ್ವ್ ಮತ್ತು ಪಿಸ್ಟನ್ ನಡುವಿನ ಅಂತರ ಕುಗ್ಗುತ್ತದೆ. ಇನ್ನೊಂದು ತೊಂದರೆ ಇದಕ್ಕಿಂತ ಗುಪ್ತವಾದದ್ದು. ವಾಲ್ವ್ ತೆರೆಯಿಸುವ ಕ್ಯಾಮ್‌ಶಾಫ್ಟ್ ಹೆಡ್ಡಿನ ಮೇಲೇ ಕೂತಿರುವ ಇಂಜಿನ್ ಆದರೆ, ಕೆಳಗಿನ ಮುಖ ಬಾಗಿದಾಗ ಮೇಲೆ ಕ್ಯಾಮ್ ಕೂರುವ ಸಾಲೂ ಬಾಗಿರುತ್ತದೆ. ಕೆಳಗೆ ಫೇಸಿಂಗ್ ಮಾಡಿದ ಮಾತ್ರಕ್ಕೆ ಮೇಲಿನದು ನೆಟ್ಟಗಾಗುವುದಿಲ್ಲ. ಕ್ಯಾಮ್ ಇಟ್ಟು, ಕ್ಯಾಪ್ ಬಿಗಿದು, ಕೈಯಲ್ಲಿ ಸಲೀಸಾಗಿ ತಿರುಗುತ್ತಾ ನೋಡಿ. ಹಿಡಿದರೆ ಆ ಹೆಡ್ಡಿಗೆ ಇನ್ನೂ ಕೆಲಸ ಬಾಕಿ ಇದೆ ಅಂತಲೇ ಅರ್ಥ. ಜೊತೆಗೆ ಪ್ರೆಷರ್ ಟೆಸ್ಟ್ ಮಾಡಿಸಲೇಬೇಕು. ವಾಲ್ವ್ ಸೀಟುಗಳ ನಡುವಿನ ಸಣ್ಣ ಬಿರುಕು ತಣ್ಣಗಿರುವಾಗ ಮುಚ್ಚಿಕೊಂಡು ಕೂತಿರುತ್ತದೆ, ಬಿಸಿಯಾದಾಗ ಬಾಯಿ ಬಿಡುತ್ತದೆ.

ಇನ್ನು ನಿಮ್ಮ ಮೆಕ್ಯಾನಿಕ್ ಹೇಳಿದ ರಿಂಗ್. ಅತಿಯಾಗಿ ಕಾದ ಇಂಜಿನ್‌ನಲ್ಲಿ ರಿಂಗಿನ ಸ್ಪ್ರಿಂಗ್ ಗುಣ ಹೋಗಿರುತ್ತದೆ, ಬದಲಿಸುವುದು ಸರಿಯೇ. ಆದರೆ ಯಾವ ಬೋರ್‌ಗೆ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಭಾಗ) ಹಾಕುತ್ತೀರಿ? ಬೋರ್ ಸವೆಯುವುದು ಒಂದೇ ಸಮ ಅಲ್ಲ. ಮೇಲಿನ ರಿಂಗ್ ತಿರುಗಿ ನಿಲ್ಲುವ ಜಾಗದಲ್ಲಿ ಬಿಸಿ ಜಾಸ್ತಿ, ಒತ್ತಡ ಜಾಸ್ತಿ, ಆಯಿಲ್ ಕಡಿಮೆ, ಹಾಗಾಗಿ ಅಲ್ಲೇ ಹೆಚ್ಚು ಸವೆತ. ಅದರ ಮೇಲೆ ರಿಂಗ್ ಮುಟ್ಟದ ಜಾಗ ಸವೆಯದೆ ಸಣ್ಣ ಮೆಟ್ಟಿಲಿನ ಹಾಗೆ ಉಳಿದಿರುತ್ತದೆ, ಉಗುರು ಆಡಿಸಿದರೆ ಸಿಕ್ಕುತ್ತದೆ. ಹೊಸ ರಿಂಗಿನ ಚೂಪು ಅಂಚು ಆ ಮೆಟ್ಟಿಲಿಗೆ ಬಡಿದರೆ ರಿಂಗ್ ಮುರಿಯುತ್ತದೆ, ಇಲ್ಲವೇ ಪಿಸ್ಟನ್ನಿನ ಕಾಲುವೆ ಒಡೆಯುತ್ತದೆ. ಆದ್ದರಿಂದ ಡಯಲ್ ಬೋರ್ ಗೇಜಿನಲ್ಲಿ ಮೇಲೆ, ನಡುವೆ, ಕೆಳಗೆ, ಪ್ರತಿಯೊಂದು ಕಡೆಯೂ ಎರಡು ದಿಕ್ಕಿನಲ್ಲಿ ಅಳತೆ ತೆಗೆಸಿ ಬರೆಸಿಕೊಳ್ಳಿ. ಮಿತಿಯೊಳಗಿದ್ದರೆ ಹೋನಿಂಗ್ ಮಾಡಿ, ಅಂದರೆ ಕಲ್ಲಿನಿಂದ ಗೋಡೆಗೆ ಸಣ್ಣ ಗೆರೆ ಹಾಕಿ, ರಿಂಗ್ ಹಾಕಬಹುದು. ಮಿತಿ ದಾಟಿದ್ದರೆ ಬೋರಿಂಗ್ ಮಾಡಿಸಿ, ಅಂದರೆ ಕೊರೆದು ಅಗಲ ಮಾಡಿಸಿ, 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್. ಪಿಸ್ಟನ್ ಮೊದಲು ಕೈಗೆ ಬರಲಿ, ಅದನ್ನು ಮೈಕ್ರೋಮೀಟರಿನಲ್ಲಿ ಅಳೆದು ಆ ಅಳತೆಗೇ ಬೋರ್ ಮಾಡಲಿ. ಡಬ್ಬದ ಮೇಲೆ ಬರೆದ ಸಂಖ್ಯೆ ನಂಬಿ ಬೋರ್ ಮಾಡುವ ಮಷಿನ್ ಶಾಪ್ ಆದರೆ ಬೇರೆ ಕಡೆ ಹೋಗಿ.

ನಿಮ್ಮ ಆಯಿಲ್ ಆಗಲೇ ಹಾಲಾಗಿದೆ ಅಂದಿದ್ದೀರಿ. ಹಾಗಾದರೆ ಸಂಪ್ (ತಳದ ಆಯಿಲ್ ತೊಟ್ಟಿ) ಇಳಿಸಿ, ಕನಿಷ್ಠ ಒಂದೆರಡು ಬೇರಿಂಗ್ ಕ್ಯಾಪ್ ಆದರೂ ಬಿಚ್ಚಿ ನೋಡದೆ ಮುಂದೆ ಹೋಗಬೇಡಿ.

ಪ್ರಶ್ನೆ: ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯದು) ತಿರುಗಿ ಕ್ರ್ಯಾಂಕ್ ಕೆರೆದಿತ್ತು. ಕ್ರ್ಯಾಂಕ್ ಗ್ರೈಂಡಿಂಗ್ ಮಾಡಿಸಿ ಹೊಸ ಬೇರಿಂಗ್ ಹಾಕಿಸಿದೆವು. 2000 ಕಿ.ಮೀ. ಆಗುವಷ್ಟರಲ್ಲಿ ಮತ್ತೆ ಅದೇ ಟಕಟಕ ಸದ್ದು. ಬೇರಿಂಗೇ ನಕಲಿ ಇರಬಹುದಾ?

ಇರಬಹುದು, ಆದರೆ ನನ್ನ ಅನುಮಾನ ಮೊದಲು ಅಲ್ಲಿಗೆ ಹೋಗುವುದಿಲ್ಲ. ಬೇರಿಂಗ್ ತಿರುಗಿದಾಗ ಉದುರಿದ ಲೋಹದ ಪುಡಿ ಎಲ್ಲಿ ಹೋಯಿತು? ಆಯಿಲ್ ಜೊತೆ ಇಡೀ ಇಂಜಿನ್ ಸುತ್ತಿರುತ್ತದೆ. ಕ್ರ್ಯಾಂಕ್ ಒಳಗೆ ಕೊರೆದಿರುವ ಆಯಿಲ್ ದಾರಿಗಳಲ್ಲಿ, ಬ್ಲಾಕಿನ ಗ್ಯಾಲರಿಗಳಲ್ಲಿ, ಆಯಿಲ್ ಕೂಲರ್ ಇದ್ದರೆ ಅದರೊಳಗೆ ಕೂತಿರುತ್ತದೆ. ಹೊಸ ಬೇರಿಂಗ್ ಹಾಕಿ ಸ್ಟಾರ್ಟ್ ಮಾಡಿದ ಕೂಡಲೇ ಅದೆಲ್ಲ ಎದ್ದು ನೇರ ಹೊಸ ಬೇರಿಂಗಿಗೇ ಬರುತ್ತದೆ. ಹೊರಗಿನಿಂದ ತೊಳೆದರೆ ಇದು ಹೋಗುವುದಿಲ್ಲ. ಗ್ಯಾಲರಿಯ ಎರಡೂ ತುದಿಯ ಪ್ಲಗ್ ತೆಗೆದು, ಉದ್ದ ಬ್ರಶ್ ಹಾಕಿ ಉಜ್ಜಿ, ಆಮೇಲೆ ಗಾಳಿ ಹೊಡೆಯಬೇಕು. ಆಯಿಲ್ ಕೂಲರನ್ನು ತೊಳೆದು ಮತ್ತೆ ಹಾಕುವುದನ್ನು ನಾನಂತೂ ಒಪ್ಪುವುದಿಲ್ಲ, ಬದಲಿಸಿಬಿಡಿ. ಆಯಿಲ್ ಪಂಪ್ ಬಿಚ್ಚಿ, ಅದರ ಪ್ರೆಷರ್ ರಿಲೀಫ್ ವಾಲ್ವಿಗೆ ಚೂರೇನಾದರೂ ಸಿಕ್ಕಿಕೊಂಡು ಅದು ತೆರೆದೇ ನಿಂತಿದೆಯಾ ನೋಡಿ. ನಿಂತಿದ್ದರೆ ಒತ್ತಡವೇ ಏರುವುದಿಲ್ಲ.

ಎರಡನೇ ಅನುಮಾನ ಕನೆಕ್ಟಿಂಗ್ ರಾಡ್ ಮೇಲೆ. ಬೇರಿಂಗ್ ತಿರುಗಿದ ರಾಡಿನ ದೊಡ್ಡ ಕಣ್ಣು ಕಾದು ದುಂಡಗೆ ಉಳಿದಿರುವುದಿಲ್ಲ. ಅದರಲ್ಲಿ ಎಷ್ಟು ಒಳ್ಳೆ ಬೇರಿಂಗ್ ಹಾಕಿದರೂ ಗಟ್ಟಿಯಾಗಿ ಕೂರುವುದಿಲ್ಲ. ರಾಡನ್ನು ಸರಿಪಡಿಸಬೇಕು ಇಲ್ಲವೇ ಬದಲಿಸಬೇಕು.

ಮೂರನೆಯದು ಗ್ಯಾಪ್. ಜರ್ನಲ್ (ಕ್ರ್ಯಾಂಕಿನಲ್ಲಿ ಬೇರಿಂಗ್ ಕೂರುವ ದುಂಡು ಭಾಗ) ವ್ಯಾಸ 50 ಮಿ.ಮೀ. ಇದ್ದರೆ ಸುಮಾರು 0.05 ಮಿ.ಮೀ. ಸಡಿಲ ಅನ್ನುವುದು ಹಳೇ ಲೆಕ್ಕ, ಈಗಿನ ತುಂಬ ಇಂಜಿನ್‌ಗಳಲ್ಲಿ ಇದಕ್ಕಿಂತ ಬಿಗಿ. ಅಳೆಯಲು ಪ್ಲಾಸ್ಟಿಗೇಜ್ ಸಾಕು. ದಾರದಂಥ ಮೇಣದ ಎಳೆ ಅದು. ಒಣಗಿದ ಜರ್ನಲ್ ಮೇಲೆ ಒಂದು ತುಂಡು ಇಟ್ಟು, ಕ್ಯಾಪನ್ನು ಪೂರ್ತಿ ಟಾರ್ಕಿಗೆ (ಬಿಗಿಯಲು ಹೇಳಿರುವ ಬಲ) ಬಿಗಿದು, ಕ್ರ್ಯಾಂಕ್ ಅಲುಗಿಸದೆ ಮತ್ತೆ ಬಿಚ್ಚಿದರೆ ಎಳೆ ಚಪ್ಪಟೆಯಾಗಿ ಅಂಟಿರುತ್ತದೆ. ಅಗಲವಾಗಿದ್ದರೆ ಗ್ಯಾಪ್ ಕಡಿಮೆ, ಕಿರಿದಾಗಿದ್ದರೆ ಜಾಸ್ತಿ, ಅಳತೆಪಟ್ಟಿ ಅದರ ಕವರ್ ಮೇಲೇ ಇರುತ್ತದೆ. ಒಂದು ತುದಿ ಅಗಲ ಇನ್ನೊಂದು ಕಿರಿದು ಇದ್ದರೆ ಗ್ರೈಂಡಿಂಗ್ ಓರೆಯಾಗಿದೆ. ಇಷ್ಟು ಮಾಡದೆ "ಕೈಯಲ್ಲಿ ತಿರುಗಿಸಿದೆ, ಸರಿ ಇದೆ" ಅನ್ನುವವರು ಇದ್ದಾರೆ. ನಿಮ್ಮ ಇಂಜಿನ್ನಿಗೂ ಹಾಗೇ ಆಗಿದೆಯೋ ಏನೋ, ಕೇಳಿ ನೋಡಿ.

ಪ್ರಶ್ನೆ: ಹೋನಿಂಗ್ ಮಾಡಿಸಿದ ಬ್ಲಾಕ್ ತಂದಿದ್ದೇನೆ. ಸೀಮೆಎಣ್ಣೆಯಲ್ಲಿ ತೊಳೆದರೆ ಸಾಕಲ್ವಾ?

ಸಾಲದು. ಸೀಮೆಎಣ್ಣೆ, ಪೆಟ್ರೋಲ್ ಜಿಡ್ಡನ್ನು ಕರಗಿಸುತ್ತವೆ, ಕಲ್ಲಿನ ಪುಡಿಯನ್ನು ಹೊರಗೆ ತರುವುದಿಲ್ಲ. ಹೋನಿಂಗ್ ಕಲ್ಲಿನ ಸಣ್ಣ ಪುಡಿ ಗೆರೆಗಳ ಒಳಗೇ ಇಳಿದು ಕೂತಿರುತ್ತದೆ, ಅದನ್ನು ಬಿಟ್ಟು ಇಂಜಿನ್ ಕಟ್ಟಿದರೆ ಒಳಗೆ ಮರಳುಕಾಗದ ಇಟ್ಟು ಓಡಿಸಿದ ಹಾಗೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಗಟ್ಟಿ ನೈಲಾನ್ ಬ್ರಶ್. ಇದೇ ಸರಿಯಾದ ದಾರಿ. ಉಜ್ಜಿ, ತೊಳೆದು, ಒರೆಸಿ, ಬಿಳಿ ಬಟ್ಟೆಗೆ ಸ್ವಲ್ಪ ಆಯಿಲ್ ಹಾಕಿ ಬೋರ್ ಒಳಗೆ ಸುತ್ತಿಸಿ ತೆಗೆಯಿರಿ. ಬಟ್ಟೆ ಬೂದು ಬಣ್ಣಕ್ಕೆ ಬಂತಾ? ಮತ್ತೆ ಸೋಪು. ಬಟ್ಟೆ ಬೆಳ್ಳಗೆ ಹೊರಬರುವ ತನಕ ಇದೇ ಕೆಲಸ, ಬೇಸರ ಬರುತ್ತದೆ ನಿಜ. ಮುಗಿದ ಕೂಡಲೇ ಗಾಳಿ ಹೊಡೆದು ಒಣಗಿಸಿ ಆಯಿಲ್ ಸವರಿಬಿಡಿ. ಹಸಿ ಬೋರ್ ಬಿಟ್ಟು ಊಟಕ್ಕೆ ಹೋದರೆ ಬರುವಷ್ಟರಲ್ಲಿ ತುಕ್ಕಿನ ಪದರ ಹಿಡಿದಿರುತ್ತದೆ.

ಹಾಗೇ ಬೋರ್ ಒಳಗಿನ ಗೆರೆಗಳನ್ನೂ ನೋಡಿ. ಅಡ್ಡಡ್ಡ ದಾಟುವ ಗೆರೆಗಳ ನಡುವಿನ ಕೋನ 45 ರಿಂದ 60 ಡಿಗ್ರಿ ಆಸುಪಾಸಿನಲ್ಲಿದ್ದರೆ ಚೆಂದ. ಗೆರೆಗಳು ತೀರಾ ಮಲಗಿದ್ದರೆ ರಿಂಗ್ ಅವುಗಳ ಮೇಲೆ ಕುಪ್ಪಳಿಸುತ್ತದೆ. ತೀರಾ ನೆಟ್ಟಗಿದ್ದರೆ ಆಯಿಲ್ ನಿಲ್ಲದೆ ಇಳಿದುಹೋಗುತ್ತದೆ.

ಪ್ರಶ್ನೆ: ಹೆಡ್ ಬೋಲ್ಟ್ ಹಳೆಯವೇ ಚೆನ್ನಾಗಿವೆ. ಮತ್ತೆ ಬಳಸಬಹುದಾ?

ನಿಮ್ಮ ಮ್ಯಾನ್ಯುಯಲ್‌ನಲ್ಲಿ ಇಷ್ಟು ಟಾರ್ಕ್, ಆಮೇಲೆ 90 ಡಿಗ್ರಿ, ಮತ್ತೆ 90 ಡಿಗ್ರಿ ಅಂತ ಕೋನದ ಲೆಕ್ಕ ಇದ್ದರೆ ಅವು ಹೆಚ್ಚಾಗಿ ಎಳೆದು ಬಿಗಿಯುವ ಬೋಲ್ಟ್. ಒಂದು ಸಲ ಹಿಗ್ಗಿದರೆ ಹಿಗ್ಗಿದಂತೆಯೇ. ಕೆಲವು ತಯಾರಕರು ಉದ್ದ ಅಳೆದು ಮಿತಿಯೊಳಗಿದ್ದರೆ ಬಳಸಲು ಬಿಡುತ್ತಾರೆ, ಉಳಿದಂತೆ ಹೊಸದೇ ಹಾಕಿ. ನಡುವಿನಿಂದ ಶುರುಮಾಡಿ ಹೊರಗೆ ಬರುವ ಕ್ರಮದಲ್ಲಿ, ಹಂತಹಂತವಾಗಿ ಬಿಗಿಯಬೇಕು. ಒಂದು ವಿಷಯ ಮಾತ್ರ ನೆನಪಿಡಿ, ಬ್ಲಾಕಿನ ಬೋಲ್ಟ್ ರಂಧ್ರಗಳಲ್ಲಿ ತಳ ಮುಚ್ಚಿದವು ಇರುತ್ತವೆ. ಅದರಲ್ಲಿ ನೀರೋ ಆಯಿಲೋ ನಿಂತಿದ್ದರೆ, ಬೋಲ್ಟ್ ಇಳಿದಾಗ ಅದಕ್ಕೆ ಹೋಗಲು ದಾರಿ ಇರುವುದಿಲ್ಲ. ಟಾರ್ಕ್ ರೆಂಚ್ ಟಕ್ ಅನ್ನುತ್ತದೆ, ಹೆಡ್ ಬಿಗಿಯಾಗಿರುವುದಿಲ್ಲ. ಕೆಲವು ಸಲ ಬ್ಲಾಕೇ ಬಿರುಕು ಬಿಡುತ್ತದೆ. ಗಾಳಿ ಹೊಡೆದು, ಬಟ್ಟೆ ಇಳಿಸಿ ಒಣಗಿಸಿ.

ಪ್ರಶ್ನೆ: ಹೊಸ ರಿಂಗ್ ಸೆಟ್ ನೇರವಾಗಿ ಪಿಸ್ಟನ್ನಿಗೆ ಹಾಕಬಹುದಾ, ಗ್ಯಾಪ್ ನೋಡಲೇಬೇಕಾ?

ನೋಡಲೇಬೇಕು. ಪ್ರತಿ ರಿಂಗನ್ನೂ ಅದು ಹೋಗುವ ಬೋರ್‌ಗೇ ಇಳಿಸಿ, ಪಿಸ್ಟನ್ ತಲೆಯಿಂದ ತಳ್ಳಿ ಚೌಕವಾಗಿ ಕೂರಿಸಿ, ಬಾಯಿಯ, ಅಂದರೆ ರಿಂಗಿನ ಎರಡು ತುದಿಗಳ ನಡುವಿನ, ಗ್ಯಾಪಿಗೆ ಫೀಲರ್ ಹಾಕಿ. ಟರ್ಬೊ ಇಲ್ಲದ ಪೆಟ್ರೋಲ್ ಇಂಜಿನ್‌ಗೆ ಬೋರ್ ವ್ಯಾಸದ ಸಾವಿರಕ್ಕೆ 4 ಪಾಲು ಅನ್ನುವುದು ಅಂದಾಜು ಲೆಕ್ಕ, ಅಂದರೆ 75 ಮಿ.ಮೀ. ಬೋರ್‌ಗೆ 0.30 ಮಿ.ಮೀ. ಟರ್ಬೊ ಇದ್ದರೆ ಸ್ವಲ್ಪ ಜಾಸ್ತಿ ಬೇಕು. ಗ್ಯಾಪ್ ತುಸು ಹೆಚ್ಚಾದರೆ ಸ್ವಲ್ಪ ಗಾಳಿ ಸೋರುತ್ತದೆ ಅಷ್ಟೇ. ಕಡಿಮೆಯಾದರೆ ಬಿಸಿಗೆ ರಿಂಗ್ ಹಿಗ್ಗಿ ಎರಡು ತುದಿ ಒಂದಕ್ಕೊಂದು ಗುದ್ದುತ್ತವೆ, ಬೋರ್ ಕೆರೆಯುತ್ತದೆ, ರಿಂಗ್ ಮುರಿಯುತ್ತದೆ. ಚುಕ್ಕೆಯೋ ಅಕ್ಷರವೋ ಇರುವ ಮುಖ ಮೇಲಕ್ಕೆ. ಬಾಯಿಗಳು ಒಂದರ ಕೆಳಗೊಂದು ಸಾಲಾಗಿ ಬರದ ಹಾಗೆ ಸುತ್ತ ಹಂಚಿ.

ಪ್ರಶ್ನೆ: ಇಂಜಿನ್ ಕಟ್ಟಿ ಆಗಿದೆ, ಇನ್ನೂ ಸ್ಟಾರ್ಟ್ ಮಾಡಿಲ್ಲ. 1000 ಕಿ.ಮೀ. ತನಕ 40 ದಾಟಬೇಡಿ ಅಂತ ಒಬ್ಬರು, ಮೊದಲ ದಿನವೇ ಚೆನ್ನಾಗಿ ಒತ್ತಿ ಓಡಿಸಿ ಅಂತ ಇನ್ನೊಬ್ಬರು. ಒಂದು ಗಂಟೆ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ) ಬಿಟ್ಟುಬಿಡಿ ಅಂತ ಮಷಿನ್ ಶಾಪಿನವರು. ಯಾರ ಮಾತು ಕೇಳಲಿ?

ಮಷಿನ್ ಶಾಪಿನವರ ಮಾತಂತೂ ಬೇಡ. ಉಳಿದ ಇಬ್ಬರಲ್ಲಿ ನಾನು ಎರಡನೆಯವರ ಕಡೆಗೆ ವಾಲುತ್ತೇನೆ, ಆದರೆ ಪೂರ್ತಿ ಅಲ್ಲ. ಯಾಕೆ ಅಂತ ತಿಳಿಯಬೇಕಾದರೆ ರಿಂಗ್ ಕೆಲಸ ಮಾಡುವ ರೀತಿ ನೋಡಬೇಕು.

ರಿಂಗನ್ನು ಗೋಡೆಗೆ ಒತ್ತಿ ಹಿಡಿಯುವುದು ಅದರ ಸ್ವಂತ ಸ್ಪ್ರಿಂಗ್ ಬಲ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಆ ಬಲ ಸಣ್ಣದು. ಉರಿದ ಗ್ಯಾಸ್ ಮೇಲಿನ ರಿಂಗಿನ ಮೇಲ್ಭಾಗದ ಸಂದಿಯಿಂದ ಇಳಿದು ಅದರ ಬೆನ್ನ ಹಿಂದೆ ಹೋಗಿ ಹೊರಕ್ಕೆ ತಳ್ಳುತ್ತದೆ, ನಿಜವಾದ ಒತ್ತು ಅದು. ಆಕ್ಸಿಲರೇಟರ್ ಒತ್ತಿದಷ್ಟೂ ಆ ಒತ್ತಡ ಹೆಚ್ಚು. ಹೋನಿಂಗ್ ಮಾಡಿದ ಗೋಡೆಯಲ್ಲಿ ಸಣ್ಣ ಸಣ್ಣ ಏರು, ತಗ್ಗು ಇರುತ್ತವೆ. ಏರಿನ ತುದಿ ರಿಂಗಿಗೆ ಉಜ್ಜಿ ಸಮವಾಗಬೇಕು, ತಗ್ಗು ಆಯಿಲ್ ಹಿಡಿದಿಡಲು ಉಳಿಯಬೇಕು. ರಿಂಗ್ ಕೂರುವುದು ಅಂದರೆ ಇಷ್ಟೇ. ಈ ಕೆಲಸದ ದೊಡ್ಡ ಪಾಲು ನಡೆಯುವುದು ಶುರುವಿನಲ್ಲೇ, ಗೆರೆಗಳು ಹೊಸದಾಗಿ ಚೂಪಾಗಿ ಇರುವಾಗ.

ಈಗ ಮೆತ್ತಗೆ ಓಡಿಸಿದರೆ ಏನಾಗುತ್ತದೆ? ಒತ್ತಡ ಸಾಲದೆ ರಿಂಗ್ ಗೋಡೆಗೆ ಒತ್ತುವುದಿಲ್ಲ. ಗೋಡೆಯ ಮೇಲೆ ಆಯಿಲ್ ಉಳಿಯುತ್ತದೆ, ಬಿಸಿಗೆ ಬೆಂದು ವಾರ್ನಿಷ್ ಆಗಿ ತಗ್ಗುಗಳನ್ನು ಮುಚ್ಚುತ್ತದೆ. ಗೋಡೆ ಕನ್ನಡಿಯ ಹಾಗೆ ಮಿಂಚುತ್ತದೆ, ರಿಂಗ್ ಅದರ ಮೇಲೆ ಜಾರುತ್ತದೆಯೇ ಹೊರತು ಕೂರುವುದಿಲ್ಲ. ಗ್ಲೇಜ್ ಆಗಿದೆ ಅನ್ನುವುದು ಇದಕ್ಕೇ. ಒಮ್ಮೆ ಚೆನ್ನಾಗಿ ಗಟ್ಟಿಯಾಯಿತು ಅಂದರೆ ಮತ್ತೆ ಬಿಚ್ಚಿ ಹೋನಿಂಗ್ ಮಾಡುವುದು ಬಿಟ್ಟು ಸಾಮಾನ್ಯವಾಗಿ ಬೇರೆ ದಾರಿ ಇರುವುದಿಲ್ಲ. ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡುವುದು ಇದಕ್ಕೆ ಅತ್ಯಂತ ಸುಲಭದ ದಾರಿ. ಹಾಗಂತ ತಣ್ಣಗಿನ ಇಂಜಿನ್ ಎತ್ತಿಕೊಂಡು ಕೆಂಪು ಗೆರೆ ಮುಟ್ಟಿಸುವುದೂ ಸಲ್ಲದು. ಹೊಸ ಮೇಲ್ಮೈಗಳ ಉಜ್ಜಾಟದಲ್ಲೇ ಬಿಸಿ ಜಾಸ್ತಿ ಹುಟ್ಟುತ್ತದೆ, ಪಿಸ್ಟನ್ ಕೆರೆಯಬಹುದು. ಬೇಕಾಗಿರುವುದು ಹೊರೆ, ವೇಗವಲ್ಲ.

ಸ್ಟಾರ್ಟ್ ಮಾಡುವ ಮೊದಲಿನ ಕೆಲಸ ಇದು. ಫಿಲ್ಟರಿಗೆ ಆಗುವಷ್ಟು ಆಯಿಲ್ ತುಂಬಿ ಹಾಕಿ. ಸ್ಪಾರ್ಕ್ ಪ್ಲಗ್ ಎಲ್ಲ ತೆಗೆದು, ಫ್ಯೂಯಲ್ ಪಂಪಿನ ಫ್ಯೂಸ್ ಕಿತ್ತು, ಇಗ್ನಿಷನ್ ಕನೆಕ್ಟರ್ ಬಿಚ್ಚಿ, 10 ಸೆಕೆಂಡಿನ ಹಾಗೆ ಬಿಟ್ಟು ಬಿಟ್ಟು ಕ್ರ್ಯಾಂಕ್ ಮಾಡಿ, ನಡುವೆ ಸ್ಟಾರ್ಟರ್ ತಣಿಯಲಿ. ಆಯಿಲ್ ದೀಪ ಆರುವ ತನಕ, ಗೇಜ್ ಇದ್ದರೆ ಮುಳ್ಳು ಏಳುವ ತನಕ. ಕೂಲೆಂಟ್ ತುಂಬಿ ಗಾಳಿ ಬಿಡಿಸಿ, ಹೀಟರ್ ತೆರೆದಿಡಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ, ಫ್ಯೂಯಲ್ ಪೈಪೆಲ್ಲ ಬಿಚ್ಚಿ ಹಾಕಿರುತ್ತೀರಿ ಅಲ್ವಾ. ಟೈಮಿಂಗ್ ಗುರುತುಗಳನ್ನು ಮೊದಲೇ ಇನ್ನೊಮ್ಮೆ ನೋಡಿ, ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ ಎಲ್ಲೂ ತಡೆಯುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಯಾಕೆಂದರೆ ಸ್ಟಾರ್ಟ್ ಆಗದೆ ಸುಮ್ನೆ ಎಳೆಯುತ್ತಾ ಹೋದರೆ ಪೆಟ್ರೋಲ್ ಗೋಡೆಯ ಆಯಿಲನ್ನು ತೊಳೆದುಹಾಕುತ್ತದೆ.

ಸ್ಟಾರ್ಟ್ ಆದ ಕೂಡಲೇ ಕಣ್ಣು ಆಯಿಲ್ ಪ್ರೆಷರ್ ಮೇಲೆ. ಕೆಲವೇ ಸೆಕೆಂಡಿನಲ್ಲಿ ಬರದಿದ್ದರೆ ಆಫ್ ಮಾಡಿ, ನೋಡೋಣ ಅಂತ ಕಾಯಬೇಡಿ. ಬಂದರೆ 1500 ರಿಂದ 2000 ಆರ್‌ಪಿಎಂ ನಡುವೆ ಮೇಲೆ ಕೆಳಗೆ ಮಾಡುತ್ತಾ ಬಿಸಿಯಾಗಲು ಬಿಡಿ, ಇನ್ನೊಬ್ಬರು ಬ್ಯಾಟರಿ ದೀಪ ಹಿಡಿದು ಕೆಳಗೆ ಸೋರಿಕೆ ನೋಡಲಿ. ಹಳೇ ಮಾದರಿಯ ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್ (ಚಪ್ಪಟೆ ಮುಖದ ಟ್ಯಾಪೆಟ್ ಮೇಲೆ ಉಜ್ಜುವಂಥದ್ದು) ಹೊಸದಾಗಿ ಹಾಕಿದ್ದರೆ ಮಾತ್ರ ಲೆಕ್ಕ ಬೇರೆ: ಸ್ಟಾರ್ಟ್ ಆದ ತಕ್ಷಣದಿಂದ ಸುಮಾರು 20 ನಿಮಿಷ 2000 ಆರ್‌ಪಿಎಂಗಿಂತ ಮೇಲೇ ಇಡಬೇಕು, ಐಡಲ್‌ಗೆ ಇಳಿಸಿದರೆ ಕ್ಯಾಮ್ ಮೇಲೆ ಆಯಿಲ್ ಸಾಕಷ್ಟು ಚಿಮ್ಮದೆ ಅದು ಸವೆದುಹೋಗುತ್ತದೆ. ಉಜ್ಜುವ ಬದಲು ಉರುಳುವ ರೋಲರ್ ಟ್ಯಾಪೆಟ್ ಇದ್ದರೆ ಈ ಶಿಸ್ತು ಬೇಡ.

ಬಿಸಿಯಾಯಿತು, ಎಲ್ಲೂ ಸೋರುತ್ತಿಲ್ಲ, ಫ್ಯಾನ್ ಹಾಕಿಕೊಂಡಿತು ಅಂದರೆ ರಸ್ತೆಗೆ ಇಳಿಯಿರಿ. ವಾಹನ ಕಡಿಮೆ ಇರುವ ಉದ್ದ ರಸ್ತೆ ನೋಡಿ. ಮೂರನೇ ಗೇರ್, 2000 ಆರ್‌ಪಿಎಂನಿಂದ ಅರ್ಧ ಆಕ್ಸಿಲರೇಟರ್ ಒತ್ತಿ 3500, 4000 ತನಕ ಏರಿಸಿ. ಆಮೇಲೆ ಕಾಲು ಪೂರ್ತಿ ತೆಗೆದು, ಬ್ರೇಕ್ ಮುಟ್ಟದೆ, ಗೇರಿನಲ್ಲೇ ಇಳಿಯಲು ಬಿಡಿ. ಹತ್ತು ಸಲ ಹೀಗೆ, ನಡುನಡುವೆ ಒಂದೆರಡು ನಿಮಿಷ ಸಾಮಾನ್ಯ ಓಟ. ಕೊನೆಯ ಕೆಲವು ಸಲ ಮುಕ್ಕಾಲು ಆಕ್ಸಿಲರೇಟರ್ ಕೊಡಬಹುದು. ಏರುವಾಗ ರಿಂಗ್ ಗೋಡೆಗೆ ಒತ್ತುತ್ತದೆ. ಇಳಿಯುವಾಗ ಸಿಲಿಂಡರಿನ ನಿರ್ವಾತ ಸ್ವಲ್ಪ ಆಯಿಲನ್ನು ಮೇಲಕ್ಕೆ ಎಳೆದು ಉಜ್ಜಿದ ಪುಡಿಯನ್ನು ತೊಳೆಯುತ್ತದೆ, ಜಾಗವನ್ನೂ ತಣಿಸುತ್ತದೆ. ಆಟೋಮ್ಯಾಟಿಕ್ ಗೇರ್ ಇದ್ದರೆ ಮ್ಯಾನ್ಯುಯಲ್ ಮೋಡ್ ಅಥವಾ ಕೆಳಗಿನ ಗೇರ್ ಹಿಡಿದಿಡುವ ಸ್ಥಾನದಲ್ಲಿ ಇದನ್ನೇ ಮಾಡಬಹುದು.

ಅಲ್ಲಿಂದ 800, 1000 ಕಿ.ಮೀ. ತನಕ ಮಾಮೂಲಿ ಓಡಾಟ, ನಾಲ್ಕು ಎಚ್ಚರದ ಜೊತೆ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗಬೇಡಿ, ಕ್ರೂಸ್ ಕಂಟ್ರೋಲ್ ಬೇಡವೇ ಬೇಡ. ಟಾಪ್ ಗೇರಿನಲ್ಲಿ ಕಡಿಮೆ ವೇಗಕ್ಕೆ ಇಂಜಿನ್ ಗುಯ್‌ಗುಟ್ಟುವ ಹಾಗೆ ಎಳೆಸಬೇಡಿ, ಬೇರಿಂಗಿಗೆ ಅದು ವೇಗಕ್ಕಿಂತ ಕೆಟ್ಟದ್ದು. ಟ್ರೇಲರ್ ಎಳೆಯಬೇಡಿ. ಎರಡು ಕಿಲೋಮೀಟರ್ ಹೋಗಿ ಆಫ್ ಮಾಡುವ ಚಿಕ್ಕ ಓಡಾಟಕ್ಕೆ ಬೇರೆ ಗಾಡಿ ನೋಡಿಕೊಳ್ಳಿ.

ಪ್ರಶ್ನೆ: ಕಟ್ಟಿದ ಇಂಜಿನ್‌ಗೆ ದುಬಾರಿ ಸಿಂಥೆಟಿಕ್ ಹಾಕಿದರೆ ಒಳ್ಳೆಯದಲ್ವಾ? ಮೊದಲ ಆಯಿಲ್ ಯಾವಾಗ ಬದಲಿಸಲಿ?

ಶುರುವಿಗೆ ಬೇಡ. ಸರಿಯಾದ ಗ್ರೇಡಿನ ಸಾದಾ ಮಿನರಲ್ ಆಯಿಲ್ ಅಥವಾ ಬ್ರೇಕ್ ಇನ್ ಆಯಿಲ್ ಹಾಕಿ. ಕಂಪನಿಯಿಂದ ಬರುವ ಹೊಸ ಕಾರಿಗೆ ಸಿಂಥೆಟಿಕ್ ತುಂಬಿಯೇ ಕಳಿಸುತ್ತಾರಲ್ಲ ಅಂತ ಕೇಳುತ್ತೀರಿ, ನಿಜ. ಅವರ ಹೋನಿಂಗ್ ಏರಿನ ತುದಿಗಳನ್ನು ಆಗಲೇ ಸಮ ಮಾಡಿರುತ್ತದೆ, ರಿಂಗ್ ಕೂರಲು ಬಾಕಿ ಕೆಲಸ ಕಡಿಮೆ. ಮಷಿನ್ ಶಾಪಿನಲ್ಲಿ ಅಷ್ಟು ನಯ ಎಲ್ಲ ಕಡೆ ಸಿಗುವುದಿಲ್ಲ. ಮೊದಲ ಬದಲಾವಣೆ 50 ರಿಂದ 100 ಕಿ.ಮೀ. ಒಳಗೆ, ಫಿಲ್ಟರ್ ಸಮೇತ. ಎರಡನೆಯದು 800, 1000 ಕಿ.ಮೀ.ಗೆ. ಆಯಿಲ್ ಬಳಕೆ ನಿಂತಿದೆ ಅಂತ ಖಾತ್ರಿಯಾದ ಮೇಲೆ ನಿಮ್ಮ ದುಬಾರಿ ಸಿಂಥೆಟಿಕ್.

ತೆಗೆದ ಮೊದಲ ಫಿಲ್ಟರನ್ನು ಎಸೆಯಬೇಡಿ. ಡಬ್ಬ ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಹಿಂಡಿ ಬಿಡಿಸಿ, ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿ. ಸಣ್ಣ ಬೂದು ಮಿನುಗು ಸಹಜ, ರಿಂಗ್ ಕೂತ ಗುರುತು. ಉಗುರಿಗೆ ಸಿಗುವಂಥ ಚೂರು, ಎಳೆ, ತಾಮ್ರದ ಬಣ್ಣದ ಪದರ ಕಂಡರೆ ನಿಲ್ಲಿಸಿ. ಅಯಸ್ಕಾಂತ ಹಿಡಿಯಿರಿ, ಅಂಟಿದರೆ ಕಬ್ಬಿಣ, ರಿಂಗೋ ಕ್ಯಾಮೋ ಇರಬೇಕು. ಅಂಟದೆ ಹೊಳೆದರೆ ಪಿಸ್ಟನ್ನಿನ ಅಲ್ಯೂಮಿನಿಯಂ ಅಥವಾ ಬೇರಿಂಗ್.

ಪ್ರಶ್ನೆ: ಇಂಜಿನ್ ಕಟ್ಟಿಸಿ 3000 ಕಿ.ಮೀ. ಆಯಿತು. ಇನ್ನೂ ನೀಲಿ ಹೊಗೆ ಬರುತ್ತಿದೆ. "ಇನ್ನೂ ಸೆಟ್ ಆಗಬೇಕು, ಓಡಿಸಿ" ಅಂತಾರೆ.

3000ಕ್ಕೆ ಸೆಟ್ ಆಗದ್ದು ತಾನಾಗೇ 5000ಕ್ಕೆ ಆಗುವುದು ಕಷ್ಟ. ಹೊಗೆ ಯಾವಾಗ ಬರುತ್ತದೆ ಅನ್ನುವುದನ್ನು ನೀವು ಬರೆದಿಲ್ಲ, ಸುಳಿವು ಇರುವುದೇ ಅಲ್ಲಿ. ಬೆಳಿಗ್ಗೆ ಮೊದಲ ಸ್ಟಾರ್ಟಿಗೆ ಭುಸ್ ಅಂತ ಬಂದು ನಿಲ್ಲುತ್ತದೆ, ಇಲ್ಲವೇ ಉದ್ದ ಇಳಿಜಾರಿನಲ್ಲಿ ಗೇರಿನಲ್ಲಿ ಇಳಿದು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಮೋಡದ ಹಾಗೆ ಬರುತ್ತದೆ ಅಂದರೆ ವಾಲ್ವಿನ ಆಯಿಲ್ ಸೀಲ್, ವಾಲ್ವ್ ಓಡಾಡುವ ಗೈಡ್ ನೋಡಿ. ರಿಂಗ್ ಹಾಕಿಸುವ ಗಡಿಬಿಡಿಯಲ್ಲಿ ಹೆಡ್ಡಿನ ಈ ಕೆಲಸ ಬಿಟ್ಟುಹೋಗುವುದು ತುಂಬ ಸಾಮಾನ್ಯ. ಎಳೆಯುವಾಗ ಬಿಡದೆ ಬರುತ್ತಿದ್ದರೆ ರಿಂಗ್. ಟರ್ಬೊ ಇದ್ದರೆ ಅದರ ಸೀಲನ್ನೂ ಮರೆಯಬೇಡಿ.

ಊಹೆ ಬಿಟ್ಟು ಕಂಪ್ರೆಷನ್ (ಸಿಲಿಂಡರಿನ ಒತ್ತಡ) ಅಳತೆ ತೆಗೆಸಿ. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇಕಡ 10ನ್ನೂ ಮೀರಿ ಕಡಿಮೆ ತೋರಿಸಿದರೆ ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಇದಕ್ಕಿಂತ ಲೀಕ್ ಡೌನ್ ಟೆಸ್ಟ್ ನನಗೆ ಹೆಚ್ಚು ಇಷ್ಟ. ಸಿಲಿಂಡರಿಗೆ ಗಾಳಿ ತುಂಬಿ ಕಿವಿ ಕೊಟ್ಟರೆ ಸಾಕು: ಆಯಿಲ್ ಮುಚ್ಚಳದ ಕಡೆ ಸುಯ್ ಅಂದರೆ ರಿಂಗ್, ಸೈಲೆನ್ಸರಿನಲ್ಲಿ ಅಂದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಅಂದರೆ ಇನ್‌ಲೆಟ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಬಿರುಕು. ಹಾಗೇ ಓಡಿಸುತ್ತಾ ಇದ್ದರೆ ಉರಿದ ಆಯಿಲ್ಲಿನ ರಂಜಕ, ಸತು ಕ್ಯಾಟಲಿಟಿಕ್ ಕನ್ವರ್ಟರನ್ನೂ ಹಾಳುಮಾಡುತ್ತವೆ.

ಪ್ರಶ್ನೆ: ನಿಂತ ನೀರಿನಲ್ಲಿ ಕಾರು ಆಫ್ ಆಯಿತು. ಎಳೆದು ತಂದು ನಿಲ್ಲಿಸಿದ್ದೇನೆ. ಒಂದು ಸಲ ಸ್ಟಾರ್ಟ್ ಮಾಡಿ ನೋಡಲಾ?

ಬೇಡ, ಕೀ ಮುಟ್ಟಬೇಡಿ. ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದು ಪಿಸ್ಟನ್ ಮೇಲೆ ಬಂದರೆ ಬಾಗುವುದು ಕನೆಕ್ಟಿಂಗ್ ರಾಡ್. ಡೀಸೆಲ್ ಇಂಜಿನ್ ಆದರೆ ಪಿಸ್ಟನ್ ಮೇಲಿನ ಜಾಗ ಇನ್ನೂ ಕಡಿಮೆ, ಸ್ವಲ್ಪ ನೀರೂ ಸಾಕು. ಬ್ಯಾಟರಿ ಬಿಚ್ಚಿ, ಏರ್ ಫಿಲ್ಟರ್ ಒದ್ದೆಯಾಗಿದೆಯಾ ನೋಡಿ. ಒಣಗಿದ್ದರೆ ಅದೃಷ್ಟ ನಿಮ್ಮ ಕಡೆ ಇರಬಹುದು. ಒದ್ದೆಯಾಗಿದ್ದರೆ ಪ್ಲಗ್, ಡೀಸೆಲ್ ಆದರೆ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ತೆಗೆದು, ಕ್ರ್ಯಾಂಕ್ ಬೋಲ್ಟಿಗೆ ಪಾನಾ ಹಾಕಿ ಕೈಯಲ್ಲೇ ನಿಧಾನ ತಿರುಗಿಸಿ ನೀರು ಹೊರಹಾಕಬೇಕು. ಆಯಿಲ್, ಫಿಲ್ಟರ್ ಬದಲಿಸಿದ ಮೇಲೆಯೇ ಸ್ಟಾರ್ಟ್. ಓಡುತ್ತಿರುವಾಗಲೇ ಧಡ್ ಅಂತ ನಿಂತಿದ್ದರೆ ರಾಡ್ ಆಗಲೇ ಬಾಗಿರಬಹುದು. ಪ್ಲಗ್ ರಂಧ್ರದಿಂದ ಕಡ್ಡಿ ಇಳಿಸಿ, ಪ್ರತಿ ಪಿಸ್ಟನ್ ಎಷ್ಟು ಎತ್ತರ ಏರುತ್ತದೆ ಅಂತ ಗುರುತು ಹಾಕಿ ಹೋಲಿಸಿ. ಒಂದು ಮಾತ್ರ ಕೆಳಗೇ ನಿಂತರೆ ಆ ಸಿಲಿಂಡರ್ ಬಿಚ್ಚಲೇಬೇಕು.